ಮೈಲಾರಿಯ ಅಳತೆಯ ಅಂಗಿ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ಜಂಬುನಾಥನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿ ಒಳಗೇ. ಹೊರಗೆ ಹಾಕುವ ಬಾಯಿ ಅವನಿಗಿರಲಿಲ್ಲ.

ಪಾಪಿನಾಯಕನಹಳ್ಳಿಯಲ್ಲಿ ಅವನು ಬಂದು ಸೇರಿದ್ದ ಮನೆಯ ತುಂಬ ಜನ. ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಎಲ್ಲರ ಮೇಲೆ ಮುದುಕಿ ವಿರುಪಮ್ಮ. ಅವಳ ಕಿರಿಮಗ ಮೈಲಾರಿ ಲಾರಿ ಅಪಘಾತದಲ್ಲಿ ಸತ್ತಾಗ ಸೊಸೆ ರೇಣುಕಾದೇವಿಗೆ ಚಿಕ್ಕ ವಯಸ್ಸು, ಮೊಮ್ಮಗಳು ಪೂಜಿತಾ ತೊಟ್ಟಿಲ ಕೂಸು. ಅವರಿಬ್ಬರನ್ನು ತವರಿಗೆ ಕಳಿಸಲು ಮನಸ್ಸಾಗದೆ ಮುದುಕಿಯೇ ಗಂಡು ಹುಡುಕಿ, ಸೊಸೆಗೆ ಉಡಿಕೆ ಮದುವೆ ಮಾಡಿಸಿ, ಅವನನ್ನು ಮನೆಗೇ ತಂದಿಟ್ಟುಕೊಂಡಳು. ಕುರೆಕುಪ್ಪದ ಕಡೆ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಜಂಬುನಾಥನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಮೇಲಾಗಿ ಬಾಯಿ ಸತ್ತವನು. ಮುದುಕಿಗೆ ಅಂಥವನೇ ಬೇಕಿತ್ತು.

ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವಾಗ ಅವನ ಮಾತು ಗಂಟಲಿಂದ ಹೊರಡುವಷ್ಟರಲ್ಲಿ ವಿಷಯವೇ ಬದಲಾಗಿರುತ್ತಿತ್ತು. ಎದ್ದು ಮಾಳಿಗೆಗೆ ಹೋದರೆ ದಿಮಾಕು ಅನ್ನುತ್ತಿದ್ದರು.

ಇವೆಲ್ಲ ನುಂಗಬಹುದಿತ್ತು. ನುಂಗಲಾಗದ್ದು ಅಂಗಿ. ಅಮಾವಾಸ್ಯೆಯ ದಿನ ಸತ್ತ ಹಿರಿಯರ ಫೋಟೋದ ಮುಂದೆ ಎಡೆಯ ಜೊತೆ ಹೊಸ ಬಟ್ಟೆ ಇಡುವುದು ಆ ಮನೆಯ ಪದ್ಧತಿ. ಪೂಜೆಯಾದ ಮೇಲೆ ಅದನ್ನು ಮನೆಯವರೇ ತೊಡಬೇಕು. ಅಪ್ಪನ ಧೋತರ ಹಿರಿಮಗ ಕಾಳಪ್ಪನಿಗೆ, ಮೈಲಾರಿಯ ಅಂಗಿ ಜಂಬುನಾಥನಿಗೆ. ಆ ಅಂಗಿಯನ್ನು ಮುದುಕಿ ಹೊಸಪೇಟೆಯ ಟೇಲರ್ ಹತ್ತಿರ ಇಂದಿಗೂ ಮೈಲಾರಿಯ ಅಳತೆಗೇ ಹೊಲಿಸುತ್ತಿದ್ದಳು. ಮೈಲಾರಿ ಆರಡಿ ಆಳು, ಇವನೋ ಕಡ್ಡಿ. ತೋಳು ಬೆರಳು ಮುಚ್ಚುತ್ತಿತ್ತು. ಎಲ್ಲರೆದುರು ಹಾಗೇ ನಿಲ್ಲಬೇಕು. ಮೈಲಾರಿಗಾದರೆ ಎಷ್ಟು ಒಪ್ಪುತ್ತಿತ್ತು ಎಂದು ಯಾರಾದರೂ ನಿಟ್ಟುಸಿರು ಬಿಡುವರು. ಮಕ್ಕಳು ಕಿಸಕ್ಕನೆ ನಗುವರು, ಅವನು ಹೆಗಲ ಮೇಲೆ ಹೊತ್ತು ಬೆಳೆಸಿದ ಪೂಜಿತಾಳೂ. ಹೆಂಡತಿಗೆ ಹೇಳಿದರೆ, ವರ್ಷಕ್ಕೊಂದು ದಿನ, ಅತ್ತೆಯ ಸಮಾಧಾನಕ್ಕೆ ಅನ್ನುತ್ತಿದ್ದಳು. ವರ್ಷಕ್ಕೊಂದು ದಿನವಂತೆ! ಮಲಗುವ ಮಂಚ ಯಾರದು, ಏರುವ ಬೈಕು ಯಾರದು?

ಈ ವರ್ಷ ಅವನು ಯಾರಿಗೂ ಹೇಳದೆ ಟೇಲರ್ ಅಂಗಡಿಗೆ ಹೋಗಿ, ಮೈಲಾರಿಯ ಅಂಗಿಗೆಂದು ಮುದುಕಿ ಕೊಟ್ಟ ಬಟ್ಟೆಯನ್ನು ತನ್ನ ಅಳತೆಗೆ ಹೊಲಿಸಿಬಿಟ್ಟ.

ಅಮಾವಾಸ್ಯೆಯ ಮಧ್ಯಾಹ್ನ ಎಡೆ ಸಿದ್ಧವಾಗಿತ್ತು. ಫೋಟೋದ ಮುಂದಿಟ್ಟ ಅಂಗಿಗೆ ಅರಿಶಿನ ಹಚ್ಚಲೆಂದು ವಿರುಪಮ್ಮ ಅದನ್ನು ಬಿಡಿಸಿದಳು. ಕೈ ನಿಂತಿತು.

“ಇದು ಯಾರ ಅಳತಿ?”

“ನಂದು,” ಅಂದ ಜಂಬುನಾಥ.

ಸತ್ತ ತಮ್ಮನ ಅಂಗಿಯ ಮೇಲೂ ಕಣ್ಣು ಹಾಕಿದನೇ ಎಂದು ಕಾಳಪ್ಪ ಹಾರಾಡಿದ. ಮುದುಕಿಗೆ ಅದು ಕೇಳಿಸಲೇ ಇಲ್ಲ. ಅಂಗಿಯನ್ನು ಎಡೆಯ ಮುಂದಿನಿಂದ ಸೆಳೆದುಕೊಂಡು ಎದೆಗವಚಿಕೊಂಡಳು.

“ತಲಿ ಕೆಟ್ಟೈತೇನ್ಲೇ ನಿನಗ? ಬದುಕಿರೋ ಮನುಷ್ಯಾನ ಅಳತಿ ಅಂಗಿ ಸತ್ತೋರ ಮುಂದ ಇಡ್ತಾರೇನು? ಈ ಮನ್ಯಾಗ ಇನ್ನೊಂದು ಹೆಣ ನೋಡ್ಲೇನು ನಾ?”

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು.

“ಹಂಗಾರ ನಾ ಬದುಕೀನಿ ಅಂತ ನಿಮಗ ಗೊತ್ತೈತಿ,” ಅಂದ. “ಗೊತ್ತಿದ್ದೂ ಇಷ್ಟ್ ವರ್ಷ ಸತ್ತಾಂವನ ಅಂಗಿ ತೊಡಿಸೀರಿ.”

ಅವನು ಮುದುಕಿಯ ಕೈಯಿಂದ ಅಂಗಿ ತೆಗೆದುಕೊಂಡು ಅಲ್ಲೇ ತೊಟ್ಟ, ಗುಂಡಿ ಹಾಕಿದ, ನೆಲದ ಮೇಲೆ ಚಕ್ಕಳಮಕ್ಕಳ ಕೂತು, ತನಗೆ ಊಟಕ್ಕೆ ಹಾಕಿರೆಂದ. ಹಿರಿಯರಿಗೆ ಎಡೆ ತೋರಿಸುವ ಮೊದಲು ಆ ಮನೆಯಲ್ಲಿ ಕೂಸಿಗೂ ತುತ್ತು ಕೊಡುವುದಿಲ್ಲ. ರೇಣುಕಾದೇವಿ ತಲೆ ತಗ್ಗಿಸಿದಳು. ಕಾಳಪ್ಪ ತೋಳೇರಿಸಿ ಮುಂದೆ ಬಂದ.

“ಸುಮ್ನಿರೋ ಕಾಳ್ಯಾ,” ಅಂದಳು ವಿರುಪಮ್ಮ. “ಸತ್ತಾಂವ ಕಾಯ್ತಾನ. ಇವಗ ಹಸಿವಾಗೈತಿ.”

ಬೈಯುತ್ತಲೇ ತಾಟು ತಂದಿಟ್ಟು ಹೋಳಿಗೆ ಬಡಿಸಿದಳು. ಅವನೂ ಸಿಟ್ಟಿನಲ್ಲೇ ಉಂಡ.