ಆರನೆಯ ಸಾಲು

ಅಣ್ಣನ ಮಗಳ ಕಾಲಿಗೆ ಹುಚ್ಚುನಾಯಿ ಕಚ್ಚಿದಾಗ ನಮ್ಮ ನಾರಾಯಣಪೇಟೆಯ ಓಣಿಯವರು ಅದನ್ನು ಅಲ್ಲೇ ಹೊಡೆದು ಕೊಂದರು. ಮಗುವಿಗೆ ಸೂಜಿ ಹಾಕಿಸಿದೆವು, ಬದುಕಿತು. ಅಣ್ಣನ ಸಿಟ್ಟು ಮಾತ್ರ ಇಳಿಯಲಿಲ್ಲ. ಮಕ್ತಲ್ ಕಡೆಯಿಂದ ಬಂದು ಊರಾಚೆ ಬೀಡುಬಿಟ್ಟಿದ್ದ ಕುರಿಗಾರನ ನಾಯಿಗಳಿಂದಲೇ ಈ ರೋಗ ಬಂತೆಂದು ಅವನ ಗುಮಾನಿ.

ವೈರಸ್ಸುಗಳ ವಂಶವಾಹಿಯ ಅಕ್ಷರಸಾಲುಗಳನ್ನು ಒಂದರ ಕೆಳಗೊಂದು ಹೊಂದಿಸಿ ನೋಡುವುದು ನನ್ನ ಕೆಲಸ. ಹೊಂದದ ಕಡೆ ಕಂಪ್ಯೂಟರ್ ಗೆರೆ ಎಳೆದು ಜಾಗ ಬಿಡುತ್ತದೆ. ರಜೆಗೆ ಬಂದಿದ್ದಾಗ, ನಮ್ಮೂರಲ್ಲೇ ಮೊದಲು ಸತ್ತ ಐದು ಹುಚ್ಚುನಾಯಿಗಳ ಸಾಲುಗಳ ಕೆಳಗೆ ಮಗುವಿಗೆ ಕಚ್ಚಿದ ನಾಯಿಯದು ಲ್ಯಾಬಿನಿಂದ ಬಂದಿತ್ತು, ಅದನ್ನೂ ಸೇರಿಸಿದೆ. ಮಗ್ಗದಿಂದೆದ್ದು ಬಂದ ಅಣ್ಣ ಬೆನ್ನ ಹಿಂದೆ ನಿಂತಿದ್ದ. ಐದು ಸಾಲು ನೆಟ್ಟಗೆ ಕೂತವು. ಆರನೆಯದರಲ್ಲಿ ಬರೀ ಗೆರೆ.

"ಇದೊಂದ್ಯಾಕ ಹಿಂಗ ಹರಕ ಐತಿ?"

"ಇದು ನಮ್ಮೂರಿಂದಲ್ಲ ಬಿಡು. ಪಕ್ಕಾ ಹೊರಗಿಂದು," ಎಂದುಬಿಟ್ಟೆ. ದೊಡ್ಡ ಪಂಡಿತೆ ನಾನು! ನನ್ನ ಬಾಯಿಗೆ ಮಣ್ಣು ಹಾಕ.

ಅಣ್ಣ ಬಡಿಗೆ ಹಿಡಿದು ಹೊರಟ, ಹಿಂದೆ ನಾಲ್ಕು ಮಂದಿ. ನಾನು ಓಡಿ ಹೋಗಿ ಮುಟ್ಟುವುದರೊಳಗೆ ಒಂದು ನಾಯಿಯ ತಲೆ ಒಡೆದಿತ್ತು, ಇನ್ನೊಂದು ಮುರಿದ ಸೊಂಟ ಎಳೆಯುತ್ತ ಕಿರುಚುತ್ತಿತ್ತು. ಮೂರನೆಯದರ ಮೇಲೆ ಕುರಿಗಾರನೇ ಬೋರಲು ಬಿದ್ದಿದ್ದ. "ಸೂಜಿ ಹಾಕ್ಸೀನ್ರೀ! ಮೂರಕ್ಕೂ ಹಾಕ್ಸೀನ್ರೀ!" ಅಣ್ಣ ಅವನ ಮೇಲೂ ಬಡಿಗೆ ಬೀಸಿದ. ಮೊಣಕೈ ಲಟ್ಟೆಂದಿದ್ದು ನನಗೆ ಕೇಳಿಸಿತು. "ಬಿಡೋ ಮೂಳ!" ಎಂದು ಅಂಗಿ ಹಿಡಿದು ಜಗ್ಗಿದೆ. ನನ್ನನ್ನು ತಳ್ಳಿ, ನಾಯಿಯನ್ನು ಕಾಲು ಹಿಡಿದು ಎಳೆದು ಮುಗಿಸಿದರು.

ಆ ಸೂಜಿಯ ಮಾತು ಎದೆಗೆ ಚುಚ್ಚಿತು: ಸೂಜಿ ಹಾಕಿಸಿದ ನಾಯಿಗಳಿಂದ ರೋಗ ಹೇಗೆ ಬಂದೀತು? ಸೀರೆಯ ರಕ್ತವನ್ನೂ ತೊಳೆಯದೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಆರನೆಯ ಸಾಲನ್ನು ಲ್ಯಾಬಿನ ಯಂತ್ರ ಎದುರು ತುದಿಯಿಂದ ಓದಿತ್ತು. ಮೊದಲೇ ನೋಡಬೇಕಾದ್ದು, ನಾನು ನೋಡಿರಲಿಲ್ಲ. ಹಾಳು ಕಂಪ್ಯೂಟರ್ ಏನು ಕೊಟ್ಟರೂ ಹೊಂದಿಸಿಕೊಡುತ್ತದೆ, ತಪ್ಪು ಎನ್ನುವುದಿಲ್ಲ. ತಿರುಗಿಸಿ ಹಾಕಿದೆ. ಆರೂ ಒಂದೇ ಆದವು. ರೋಗ ನಮ್ಮೂರದೇ.

ಹೇಳಿದರೆ ಅಣ್ಣ, "ಬಾಯಿ ಮುಚ್ಕೊಂಡು ಕುಂದರು" ಎಂದ.

ಕೂರಲಿಲ್ಲ. ಮರುದಿನ ದವಾಖಾನೆಗೆ ಹೋಗಿ ಕುರಿಗಾರನ ಮಂಚದ ಬಳಿ ನಿಂತೆ. "ತಪ್ಪು ನಂದ್ರೀ. ಒಂದು ಸಾಲು ಉಲ್ಟಾ ಹಾಕಿದ್ದೆ. ಈಗ ಸೀದಾ ಮಾಡೀನಿ."

ಅವನು ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತಿದ್ದ.

"ಹಂಗಾದ್ರ ನನ್ನ ನಾಯಿಗುಳ್ನೂ ಸೀದಾ ಮಾಡ್ರಿ, ಅಕ್ಕಾರ."