ಉಂತುಂಡಾ? ಉಂಟು!

ಗೆಳೆಯರೇ, ಎಂಬತ್ತರ ದಶಕದ ಪುತ್ತೂರಿನಲ್ಲಿ ಫೇಸ್‌ಬುಕ್ ಇದ್ದಿದ್ದರೆ ನಾನು ಆ ಸಂಜೆಯೇ ಹಾಕುತ್ತಿದ್ದ ಪೋಸ್ಟ್ ಇದು.

ಇಂದು ನನ್ನ ಬಾಡಿಗೆ ಮನೆಯ ಒಡತಿ ಕಮಲಕ್ಕ ನೀರಿನ ಬಿಲ್ಲು ಹಿಡಿದು ಬಂದರು. ಪಕ್ಕದ ಅವರ ಮನೆಗೂ ನನ್ನದಕ್ಕೂ ಒಂದೇ ಮೀಟರು.

"ಎಂತ ಮಾರಾಯ್ರೆ, ಒಳಗೆ ಆನೆ ಸಾಕಿದ್ದೀರಾ? ಇಷ್ಟು ಬಿಲ್ಲು ಯಾವತ್ತೂ ಬಂದದ್ದಿಲ್ಲ!"

"ಅಯ್ಯೋ, ನಾನೊಬ್ಬನೇ ಇರೋದು ಕಮಲಕ್ಕ. ಸ್ನಾನಕ್ಕೆ ಒಂದೇ ಬಕೆಟ್!"

ಇಬ್ಬರೂ ಹುಡುಕಿದೆವು. ಪೈಪು ಎಲ್ಲೂ ಸೋರುತ್ತಿರಲಿಲ್ಲ. ಆದರೆ ನನ್ನ ಬಾಗಿಲ ಮುಂದಿನ ನಲ್ಲಿ ತೆಂಗಿನ ಬುಡಕ್ಕೆ ಧಾರಾಳವಾಗಿ ಸುರಿಯುತ್ತಿತ್ತು.

"ಇದನ್ನು ಬಂದ್ ಮಾಡ್ಲಿಕ್ಕೆ ನಮ್ಮ ಮನೆಯವರಿಗೆ ಮರೀತದೆ. ಅದಕ್ಕೇ ಅಲ್ವಾ ನಾನು ದಿನಾ ಒಳಗಿಂದ 'ನೀರ್ ಉಂತುಂಡಾ?' ಅಂತ ನಿಮ್ಮತ್ರ ಕೇಳುದು! ನೀವು ಹೌದು ಅಂತೀರಿ!"

ಮೈಸೂರಿನವನಾದ ನನಗೆ ತುಳು ಬಾರದು. 'ನೀರು ಉಂಟಾ' ಎಂದು ವಿಚಾರಿಸುತ್ತಾರೆ, ಎಂಥ ಒಳ್ಳೆಯ ಓನರು ಎಂದುಕೊಂಡು, ಊರ ಭಾಷೆ ಕಲಿತ ಹೆಮ್ಮೆಯಲ್ಲಿ "ಉಂಟು, ಉಂಟು!" ಎನ್ನುತ್ತಿದ್ದೆ.

ಇದನ್ನು ಹೇಳಿದ್ದೇ ತಡ, ಕಮಲಕ್ಕ ಹಣೆ ಚಚ್ಚಿಕೊಂಡರು. "ಉಂತುಂಡಾ ಅಂದ್ರೆ ನಿಂತಿತಾ ಅಂತ ಮಾರಾಯ್ರೆ! ಇನ್ನು ನಿಮ್ಮ ಮೈಸೂರು ಕನ್ನಡದಲ್ಲೇ ಕೇಳ್ತೇನೆ."

ಈಗಷ್ಟೇ ತಮ್ಮ ಮನೆಯೊಳಗಿಂದ ಕೂಗಿದರು: "ನೀರು ನಿಂತಿದೆಯಾ?"

ಬಾಗಿಲು ತೆಗೆದು ನೋಡಿದೆ. ನಲ್ಲಿ ಮತ್ತೆ ತೆರೆದೇ ಇತ್ತು. ತೆಂಗಿನ ಬುಡದ ಸುತ್ತ ಪಾದ ಮುಳುಗುವಷ್ಟು ನೀರು.

"ನಿಂತಿದೆ ಕಮಲಕ್ಕ, ಚೆನ್ನಾಗಿ ನಿಂತಿದೆ!" ಎಂದೆ.