ಎಬ್ಬಿಸಿ ಮೇಡಂ ಮತ್ತು ಫಿಜಿಷಿಯನ್ ಶಿಷ್ಯೆ

ತೀವ್ರ ನಿಗಾ ಚಿಕಿತ್ಸೆಯನ್ನು ಕೆಲವು ದೇಶಗಳಲ್ಲಿ ಅರಿವಳಿಕೆ ಶಾಸ್ತ್ರದ ಅಂಗವಾಗಿಯೇ ಕಲಿಸುತ್ತಾರೆ. ಇನ್ನು ಕೆಲವು ದೇಶಗಳಲ್ಲಿ ಅದು ತನ್ನ ಕಾಲ ಮೇಲೆ ನಿಂತ ಪ್ರತ್ಯೇಕ ವಿಭಾಗ, ಫಿಜಿಷಿಯನ್ನರಿಗೂ ಮಕ್ಕಳ ವೈದ್ಯರಿಗೂ ಅಲ್ಲಿ ಪ್ರವೇಶವುಂಟು. ಎರಡೂ ಬಗೆಯ ದೇಶಗಳಲ್ಲಿ ದುಡಿದು, ಎರಡರ ಜಂಬವನ್ನೂ ಇಳಿಸಿದ ನಮ್ಮ ಅರಿವಳಿಕೆ ಪ್ರಾಧ್ಯಾಪಕಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಐಸಿಯುವಿನ ಬೆಳಗಿನ ರೌಂಡ್ಸಿನಲ್ಲಿ ಹಾಸಿಗೆ ಹಾಸಿಗೆಯ ಬಳಿಯೂ "ಎಬ್ಬಿಸಿ, ಮಾತಾಡ್ಸೋಣ" ಎನ್ನುತ್ತಿದ್ದುದರಿಂದ, ಮಲಗಿಸುವ ವಿದ್ಯೆ ಕಲಿತ ಅವರಿಗೆ ‘ಎಬ್ಬಿಸಿ ಮೇಡಂ’ ಎಂಬ ಹೆಸರೇ ಅಂಟಿಕೊಂಡಿತು.

ತೀವ್ರ ನಿಗಾ ಕಲಿಯಲು ಬಂದ ಅವರ ಮೊದಲ ಫಿಜಿಷಿಯನ್ ಶಿಷ್ಯೆಯನ್ನು ಕಂಡರೆ ಅರಿವಳಿಕೆ ವಿಭಾಗದ ಹಿರಿಯರು ಮೂಗು ಮುರಿಯುತ್ತಿದ್ದರು. ಮೇಡಂ ಆಕೆಯನ್ನು ತಿಂಗಳುಗಟ್ಟಲೆ ಆಪರೇಷನ್ ಥಿಯೇಟರಿನಲ್ಲಿ ರೋಗಿಯ ತಲೆಯ ಬಳಿ ನಿಲ್ಲಿಸಿ, ಎಡಗೈಯಲ್ಲಿ ಮಾಸ್ಕ್ ಹಿಡಿದು ಉಸಿರಿನ ದಾರಿ ಕಾಯುವುದನ್ನು ಬೆರಳು ಮರಗಟ್ಟುವವರೆಗೆ ಕಲಿಸಿದರು. ಮಧ್ಯಾಹ್ನ ತಮ್ಮ ಊಟದ ಡಬ್ಬಿಯನ್ನು ಆಕೆಯ ಮುಂದೆ ತಳ್ಳಿ, "ತಿನ್ನಮ್ಮಾ, ಬೈಸಿಕೊಳ್ಳೋಕೂ ಶಕ್ತಿ ಬೇಕು" ಎಂದರು. ಅತ್ತ ಅರಿವಳಿಕೆ ಓದಿದ ಹುಡುಗರು ಥಿಯೇಟರಿನ ಅಭ್ಯಾಸಬಲದಿಂದ, ರೋಗಿ ಅಲುಗಾಡದಿದ್ದರೆ ಎಲ್ಲ ಸರಿಯಿದೆಯೆಂದು ಐಸಿಯುವಿನಲ್ಲೂ ನಿದ್ದೆಯ ಔಷಧವನ್ನು ದಿನಗಟ್ಟಲೆ ಹರಿಸುತ್ತಿದ್ದರು. ಮೇಡಂ ಅವರನ್ನು ವಾರ್ಡಿಗೆ ಅಟ್ಟಿ, ಎಚ್ಚರವಿರುವ ರೋಗಿಗಳ ಪಕ್ಕ ಕೂರಿಸಿದರು.

ತರಬೇತಿ ಮುಗಿಯುವ ಹೊತ್ತಿಗೆ ಮಾನ್ಯತಾ ಸಮಿತಿ ತಕರಾರು ತೆಗೆಯಿತು. ಅರಿವಳಿಕೆ ಓದದವಳು ತೀವ್ರ ನಿಗಾ ಪರೀಕ್ಷೆಗೆ ಕೂರುವಂತಿಲ್ಲ ಎಂದಿತು. ಶಿಷ್ಯೆಯ ವರ್ಷಗಳ ದುಡಿಮೆ ನೀರುಪಾಲಾಗುವುದರಲ್ಲಿತ್ತು.

"ನಮ್ಮ ಮಕ್ಕಳ ಪಾಲನ್ನ ಹೊರಗಿನವರಿಗೆ ಹಂಚ್ತಿದ್ದೀರಲ್ಲ ಮೇಡಂ" ಎಂದರು ಸಮಿತಿಯ ಅಧ್ಯಕ್ಷರು, ಅವರೂ ಅರಿವಳಿಕೆಯವರೇ.

"ಐಸಿಯು ಏನು ನಮ್ಮಪ್ಪನ ಆಸ್ತೀನಾ ಸಾರ್, ಪಾಲು ಮಾಡೋಕೆ? ಅವಳನ್ನ ಕೂರಿಸಲ್ಲ ಅಂದ್ರೆ ಪರೀಕ್ಷಕಿಯಾಗಿ ನಾನೂ ಬರಲ್ಲ" ಎಂದು ಮೇಡಂ ಎದ್ದೇ ಬಿಟ್ಟರು. ಪರೀಕ್ಷೆಯ ದಿನ ಅರಿವಳಿಕೆಯ ಹುಡುಗರೂ ಒಳಗೆ ಹೋಗದೆ ಶಿಷ್ಯೆಯ ಜೊತೆ ಕಾರಿಡಾರಿನಲ್ಲೇ ನಿಂತುಬಿಟ್ಟಾಗ, ಸಮಿತಿಯವರು ಬೇರೆ ದಾರಿ ಕಾಣದೆ ಬಾಗಿಲು ತೆರೆದರು. ಆಕೆ ಎಲ್ಲರಂತೆಯೇ ಬೆವರಿ, ಎಲ್ಲರಂತೆಯೇ ಪಾಸಾದಳು.

ಈಗ ಘಟಕದ ಮುಖ್ಯಸ್ಥೆಯಾಗುವ ಸರದಿ ಆ ಶಿಷ್ಯೆಗೇ ಬಂದಿರುವಾಗ ಹಳೆಯ ಗೊಣಗಾಟ ಮತ್ತೆ ಎದ್ದಿದೆ. ಮೇಡಂ ಮನೆಗೆ ಹೋದರೆ ಆಕೆಯನ್ನು ತಡೆಯುವ ಹಾದಿ ಸಲೀಸೆಂದು ಕೆಲವರು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದಾರೆ. ಅವರಿಗೆ ತಿಳಿದಿರಲಿ, ಸೋಮವಾರದಿಂದ ಮೇಡಂ ಅದೇ ಶಿಷ್ಯೆಯ ಕೈಕೆಳಗೆ ಪಾಠ ಹೇಳಲು ಒಪ್ಪಿದ್ದಾರೆ. ಅವರ ಆಯುಷ್ಯ ಬೆಳೆಯಲಿ, ಮಂಡಿ ಗಟ್ಟಿಯಿರಲಿ, ದನಿ ಒಂದಿಷ್ಟೂ ತಗ್ಗದಿರಲಿ. ಆಕ್ಷೇಪವಿದ್ದವರು ಬೆಳಗಿನ ರೌಂಡ್ಸಿಗೇ ಬರಲಿ, ಮೇಡಂ ಅಲ್ಲೇ ಸಿಗುತ್ತಾರೆ.